ನೇರಳೆ ಕಲ್ಲಿಗೆ ಅರಿಶಿನ

ನಮ್ಮ ಕಡೆ ಎಲ್ಲಿ ಅಗೆದರೂ ಕರಿಕಲ್ಲು. ಚಿಕ್ಕೋಡಿಯಿಂದ ಅಂಕಲಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿನ ಗೋಡೆ, ಮೆಟ್ಟಿಲು, ದೇವರು ಎಲ್ಲವೂ ಅದರದೇ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಾನು ಮಕ್ಕಳಿಗೆ ಬೇರೆ ಕಲ್ಲು ತೋರಿಸಬೇಕೆಂದರೆ ಯಾರನ್ನಾದರೂ ಬೇಡಬೇಕು. ಈ ಸಲ ಧಾರವಾಡದಲ್ಲಿ ನನಗೆ ಭೂವಿಜ್ಞಾನ ಕಲಿಸಿದ ಸರ್ ಹತ್ತಿರ ಬೇಡಿದೆ. ಅವರು ತಮ್ಮ ಸಂಗ್ರಹದಿಂದ ಪರ್ಪ್ಯುರೈಟ್ ಎಂಬ ನೇರಳೆ ಖನಿಜದ ತುಂಡೊಂದನ್ನು ಕೈಗಿಟ್ಟು, "ಒಂದ ವಾರ. ಹೆಂಗ ಒಯ್ದೀರಿ ಹಂಗ ತರ್ರಿ" ಅಂದರು.

ಮುಷ್ಟಿಯಷ್ಟು ಕಲ್ಲು, ನೋಡಿದರೆ ಅನಿಸುವುದಕ್ಕಿಂತ ಭಾರ. ಹೊರಗೆ ಮಸಿಯಂಥ ಕರಿ ಸಿಪ್ಪೆ, ಒಡೆದ ಮಗ್ಗುಲಲ್ಲಿ ನೇರಳೆ, ನಟ್ಟನಡುವೆ ಚೂರು ಕಂದು. ಆ ಕಂದೇ ಮೂಲ. ನೆಲದಾಳದ ಕರಗಿದ ಬಂಡೆ ಆರುತ್ತ ಬಂದಾಗ ಕೊನೆಗುಳಿದ ರಸ ದಪ್ಪ ಹರಳುಗಳಾಗಿ ಗಟ್ಟಿಯಾಗುತ್ತದೆ, ಅದು ಪೆಗ್ಮಟೈಟ್. ಅದರಲ್ಲಿ ಲೀಥಿಯಂ, ಮ್ಯಾಂಗನೀಸ್, ಫಾಸ್ಫೇಟ್ ಕೂಡಿದ ಖನಿಜವೊಂದು ಹುಟ್ಟುತ್ತದೆ. ಮುಂದೆ ಎಷ್ಟೋ ಕಾಲ ನೀರು, ಗಾಳಿ ತಾಗಿ ಲೀಥಿಯಂ ಒಸರಿ ಹೋಗುತ್ತದೆ. ಉಳಿದ ಮ್ಯಾಂಗನೀಸ್ ಇದ್ದಲ್ಲೇ ಇದ್ದು ಆಮ್ಲಜನಕದ ಸಹವಾಸದಲ್ಲಿ ನೇರಳೆಯಾಗುತ್ತದೆ. ಮೇಲ್ಮೈ ಇನ್ನಷ್ಟು ಬದಲಾಗಿ ಕಪ್ಪು ಹಿಡಿಯುತ್ತದೆ. ಮೂರೂ ಒಂದೇ ತುಂಡಿನಲ್ಲಿ ಕಾಣುತ್ತವೆಂದೇ ಸರ್‌ಗೆ ಅದರ ಮೇಲೆ ಜೀವ.

ಅದನ್ನು ದೇವರ ಜಗಲಿಯ ಮೇಲೆ ಇಟ್ಟದ್ದು ನಾನೇ. ಆಡುಗಳು ಬಾಯಿ ಹಾಕದ ಜಾಗ ನಮ್ಮ ಮನೆಯಲ್ಲಿ ಅದೊಂದೇ. ಅಮಾವಾಸ್ಯೆ ಬಂತು. ಜಗಲಿಯ ಮೇಲಿದ್ದದ್ದನ್ನೆಲ್ಲ ಅವ್ವ ಹುಣಸೆಹಣ್ಣು ಹಚ್ಚಿ ತಿಕ್ಕುವ ದಿನ ಅದು ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಸಂಜೆ ಶಾಲೆಯಿಂದ ಬಂದರೆ ಕಲ್ಲು ತಾಟಿನಲ್ಲಿ ಕೂತಿದೆ. ಒಂದು ಕಡೆಯ ಕರಿ ಸಿಪ್ಪೆ ಹೋಗಿ ನೇರಳೆ ಹೊಳೆಯುತ್ತಿದೆ, ಅದರ ಮೇಲೆ ಎಣ್ಣೆ ಕಲಸಿದ ಅರಿಶಿನ ಮೆತ್ತಿದೆ.

"ಮಸಿ ಅಂತ ತಿಕ್ಕಿದ್ನಿ ಯವ್ವಾ" ಅಂದಳು ಅವ್ವ. "ಕೆಂಪಗ ನೀರ ಬಂತು. ಗಾಯ ಆತು ಅಂತ ಅರಿಷಿಣ ಹಚ್ಚೀನಿ."

ಆ ಖನಿಜ ಮೆದು. ತಿಕ್ಕಿದರೆ ಉದುರುವ ಪುಡಿ ಕೆಂಪು ನೇರಳೆ. ಆಡಿನ ಕಾಲಿಗೆ ಮುಳ್ಳು ನಾಟಿದರೂ, ನನ್ನ ಮೊಣಕಾಲು ತರಚಿದರೂ ಅವ್ವನ ಔಷಧ ಅದೇ ಅರಿಶಿನ. ಇದೆಲ್ಲ ನನಗೆ ಆಗಲೇ ಹೊಳೆಯಬೇಕಿತ್ತು. ನನ್ನದು ಮೂಗಿನ ತುದಿಯ ಸಿಟ್ಟು.

"ತಿಳೀದಿದ್ದಕ್ಕ ಯಾಕ ಕೈ ಹಚ್ಚತಿ? ಹಾಳ ಮಾಡಿಟ್ಟಿ ನೋಡ" ಅಂದುಬಿಟ್ಟೆ.

ಅವ್ವ ತನ್ನ ಅಂಗೈ ನೋಡಿಕೊಂಡು ಒಳಗೆ ಹೋದಳು. ಮರುದಿನದಿಂದ ಊಟಕ್ಕೆ ಬಡಿಸುತ್ತಿದ್ದಳು, ಮಾತಿಲ್ಲ. ದಿನಾ ತಾನೇ ದೇವರ ದೀಪ ಹಚ್ಚುವವಳು ಸಂಜೆಯಾದರೆ "ದೀಪ ನೀನ ಹಚ್ಚ" ಅನ್ನುತ್ತಿದ್ದಳು, ಅಷ್ಟೇ. ಇರಲಿ, ಅವಳ ಸಿಟ್ಟು ಇಳಿಯಲಿ ಎಂದು ನಾನೇ ಹಚ್ಚಿದೆ.

ನಾಲ್ಕನೆಯ ದಿನ ಅಳುಕುತ್ತಲೇ ಧಾರವಾಡಕ್ಕೆ ಹೋಗಿ ಸರ್ ಮುಂದೆ ಕಲ್ಲಿಟ್ಟು ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿದರು.

"ಮಾರೋರು ಬಣ್ಣ ಬರಲಿ ಅಂತ ಇದನ್ನ ಆಸಿಡ್‌ನ್ಯಾಗ ತೊಳೀತಾರ. ನಿಮ್ಮವ್ವಾರು ಹುಣಸೀಹುಳಿ ಹಚ್ಯಾರ, ಅಷ್ಟ. ಈ ಕಡೆ ಸಿಪ್ಪಿ ಹಂಗ ಐತಲ್ಲ. ಅರ್ಧಕ್ಕ ಯಾಕ ಬಿಟ್ರು?"

"ಅದಕ್ಕ ನೋವಾಕ್ಕೈತಿ ಅಂತ ಬಿಟ್ಟಾಳ್ರಿ."

ಸರ್ ನಗಲಿಲ್ಲ. ಬಿರುಕಿನಲ್ಲಿ ಕೂತಿದ್ದ ಹಳದಿಯನ್ನು ಒರೆಸಲು ಹೋದ ನನ್ನ ಕೈ ತಡೆದು ಕಲ್ಲನ್ನು ಕಪಾಟಿನಲ್ಲಿ ಇಟ್ಟರು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅವ್ವ ಕೊಟ್ಟಿಗೆಯ ಬಾಗಿಲಲ್ಲೇ ಕೇಳಿದಳು, "ಮಾಯ್ತೇನ ಅದರ ಗಾಯ?"

"ಗಾಯ ಅಲ್ಲವ್ವಾ, ಅದರ ಬಣ್ಣನ ಅದು. ನೀ ಹಾಳ ಮಾಡಿಲ್ಲ. ನಾ ಸುಮ್ಮನ ಬೈದ್ನಿ. ತಪ್ಪಾತು."

"ಖರೇ ಹೇಳ. ನನ್ನ ಕೈಯಿಂದ ಏನೂ ಆಗಿಲ್ಲಲಾ ಅದಕ್ಕ?"

"ಇಲ್ಲವ್ವಾ."

ಅವಳು ಬಚ್ಚಲಿಗೆ ಹೋಗಿ ಬಲಗೈ ತೊಳೆದುಕೊಂಡು, ಸೆರಗಿಗೆ ಒರೆಸಿ, ಜಗಲಿಯ ಮುಂದೆ ಕೂತು ತಾನೇ ದೀಪ ಹಚ್ಚಿದಳು. ನಾಲ್ಕು ದಿನ ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ. ಆ ಕೈಯಿಂದ ದೇವರನ್ನು ಮುಟ್ಟಲು ಹೆದರಿದ್ದಳು.