ಚಿನ್ನಮ್ಮತ್ತೆಯ ನಾಡಿಯ ಓಟ

ಚಿನ್ನಮ್ಮತ್ತೆ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ನಕ್ಕರೆ ರಸ್ತೆಯಲ್ಲಿ ಹೋಗುವ ಶೇರ್ ಆಟೋದವರು ತಿರುಗಿ ನೋಡುತ್ತಿದ್ದರು. ಕಂಬಂ ಸುತ್ತಿನ ತೋಟಗಳಲ್ಲಿ ಗೊಂಚಲು ಕೊಯ್ಯುವ ಹೆಂಗಸರಿಗೆ ಅವರೇ ಮುಂದಾಳು. ನನಗೆ ದೂರದ ಸಂಬಂಧ.

ನಾನಾಗ ಕಂಬಂನ ಒಂದು ಹೃದಯದ ಕ್ಲಿನಿಕ್ಕಿನಲ್ಲಿ ಟೆಕ್ನಿಷಿಯನ್. ರಕ್ತನಾಳಗಳು ಎಷ್ಟು ಗಡುಸಾಗಿವೆ ಎಂದು ಅಳೆಯುವ ಯಂತ್ರ ಹೊಸದಾಗಿ ಬಂದಿತ್ತು. ಬಿ.ಪಿ. ಮಾತ್ರೆಯನ್ನು ತಾವಾಗಿಯೇ ಬಿಟ್ಟಿದ್ದ ಅತ್ತೆಯನ್ನು ಡಾಕ್ಟರು ನನ್ನ ಬಳಿ ಕಳಿಸಿದರು. ಮಲಗಿಸಿ, ಎರಡು ತೋಳಿಗೂ ಎರಡು ಕಾಲಿಗೂ ಪಟ್ಟಿ ಸುತ್ತಿ, "ಅತ್ತೆ, ಐದು ನಿಮಿಷ ಮಾತಾಡಬಾರ್ದು" ಅಂದೆ.

"ಐದು ನಿಮಿಷವಾ? ಅಯ್ಯಯ್ಯೋ ಕಣ್ಣೂ, ನಾನು ನಿದ್ದೇಲೂ ಮಾತಾಡೋಳು!"

ಮೂರು ಸಲ ಅಳತೆ ಕೆಟ್ಟಿತು. ಪಟ್ಟಿ ಉಬ್ಬಿದಾಗ ಕಚಗುಳಿಯಾಗಿ ನಕ್ಕರು; ಫ್ಯಾನಿನ ಧೂಳು ಕಂಡು ನನ್ನನ್ನು ಬೈದರು. ನಾಲ್ಕನೆಯ ಸಲ ಸೆರಗನ್ನು ಹಲ್ಲಲ್ಲಿ ಕಚ್ಚಿಕೊಂಡು ಮಲಗಿದರು.

"ನಾಡಿಯ ಅಲೆ ತುಂಬಾ ಬೇಗ ಓಡ್ತಿದೆ ಅತ್ತೆ."

"ಓಡದೆ ಏನು? ನಾನು ಚಿಕ್ಕದ್ರಿಂದಾನೇ ಸುರುಸುರುಪ್ಪು!" ಚುರುಕುತನಕ್ಕೆ ಸರ್ಟಿಫಿಕೇಟ್ ಸಿಕ್ಕಂತೆ ಬೀಗಿದರು.

ಮೆತ್ತಗಿನ ನಾಳ ಹಿಗ್ಗಿ ಅಲೆಯನ್ನು ನಿಧಾನಿಸುತ್ತದೆ, ಗಡುಸಾದ ನಾಳದಲ್ಲಿ ಅದು ನುಗ್ಗಿ ಓಡುತ್ತದೆ, ಹೃದಯಕ್ಕೂ ಮೆದುಳಿಗೂ ಅಪಾಯ ಎಂದು ವಿವರಿಸಿದೆ. ಅತ್ತೆ ಎದ್ದು ಕುಳಿತು ಕಾಲಿನ ಪಟ್ಟಿಯನ್ನೇ ನೋಡಿದರು.

"ನಮ್ಮಕ್ಕ ಬಿದ್ದದ್ದೂ ಇಂಗೇನಾ?"

ಪಾರ್ಶ್ವವಾಯು ಬಡಿದಿದ್ದ ಆ ಅಕ್ಕನಿಗೆ ಒಂದು ವರ್ಷ ಅತ್ತೆಯೇ ಅನ್ನ ಕಲಸಿ ತಿನ್ನಿಸಿದ್ದರು.

"ಇರಬಹುದು ಅತ್ತೆ."

"ಅವ್ಳಿಗೆ ನಾನಿದ್ದೆ. ನಂಗೆ ಯಾರಿದ್ದಾರೆ? ಮಾತ್ರೆ ಬರೆಸ್ಕೊಡು."

ಆಮೇಲೆ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ಪ್ರಾಣವಾಗಿದ್ದ ಒಣಮೀನನ್ನೂ ಬಿಟ್ಟರು. ಎದುರುಮನೆಯಲ್ಲಿ ಅದನ್ನು ಹುರಿಯುವಾಗ ಮಾತ್ರ ತಟ್ಟೆ ಹಿಡಿದು ಜಗುಲಿಗೆ ಬಂದು ಉಣ್ಣುತ್ತಿದ್ದರು. ಕೇಳಿದರೆ, "ವಾಸನೇಲಿ ಉಪ್ಪಿಲ್ಲ ಅಲ್ವಾ?" ಆರು ತಿಂಗಳಲ್ಲಿ ಬಿ.ಪಿ. ಇಳಿಯಿತು, ಅಲೆಯ ಓಟವೂ ತುಸು ನಿಧಾನವಾಯಿತು. ಮರುವಾರವೇ ಗುಂಪಿನ ಹೆಂಗಸರನ್ನು ಆಟೋದಲ್ಲಿ ತುಂಬಿಸಿಕೊಂಡು ಬಂದು, ಒಬ್ಬೊಬ್ಬರನ್ನೂ ತಾವೇ ಮಲಗಿಸಿ, "ಸುಮ್ನಿರಿ!" ಎಂದು ಗದರಿದರು.

ದಿಂಡಿಗಲ್ಲಿನ ಆಸ್ಪತ್ರೆಯೊಂದರಲ್ಲಿ ಇದೇ ಕೆಲಸ ಸಿಕ್ಕಿ ನಾನು ಹೊರಟ ದಿನವೇ ಅವರನ್ನು ಕೊನೆಯ ಸಲ ನೋಡಿದ್ದು. ಬಸ್ಸಿನ ಕಿಟಕಿಯಿಂದ ದ್ರಾಕ್ಷಿ ಬುಟ್ಟಿ ತೂರಿಸಿದವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಊರೋರ್ದೆಲ್ಲಾ ನೀನು ನೋಡ್ತೀಯೆ. ನಿಂದು ಯಾರು ನೋಡ್ತಾರೆ ಕಣ್ಣೂ?"

ಅಷ್ಟು ಜನರನ್ನು ಅಳೆದ ನಾನು ಒಮ್ಮೆಯೂ ಅಳೆಸಿಕೊಂಡಿರಲಿಲ್ಲ. ದಿಂಡಿಗಲ್ಲಿಗೆ ಹೋದ ಮೊದಲ ವಾರವೇ ಜೊತೆಯವಳಿಂದ ಪಟ್ಟಿ ಸುತ್ತಿಸಿಕೊಂಡು ಮಲಗಿದೆ. ಅವತ್ತು ಅಲ್ಲಿನ ಡಾಕ್ಟರು ನನ್ನ ಚೀಟಿಯಲ್ಲೂ ಒಂದು ಮಾತ್ರೆ ಬರೆದರು.