ಕಂಬದ ಕೆಳಗೆ ನಿಂತವನು

ಬಡ್ತಿಯ ಆದೇಶ ಬಂದ ದಿನ ಹೆಂಡತಿ ಕೇಸರಿಬಾತ್ ಮಾಡಿದಳು. ‘ಇನ್ಮೇಲೆ ನೀವು ಕಂಬ ಹತ್ತೋ ಹಾಗಿಲ್ಲ ತಾನೆ?’ ಎಂದು ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಳು. ಮದುವೆಯಾದಾಗಿನಿಂದ ಹೆದರಿಕೊಂಡೇ ಇದ್ದವಳು ಅಂದು ನಿರಾಳವಾಗಿ ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ.

ಅರಸೀಕೆರೆಯಲ್ಲಿ ಬಹಳ ಕಾಲ ಲೈನ್‌ಮನ್ ಆಗಿದ್ದವನು ನಾನು. ಈಗ ಜಾವಗಲ್ ಕಡೆಯ ಗ್ಯಾಂಗಿಗೆ ನಾನೇ ಮುಖ್ಯಸ್ಥ. ಕೆಳಗೆ ನಿಂತು ಇನ್ನೊಬ್ಬರನ್ನು ಹತ್ತಿಸುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗೆಂಡೆಹಳ್ಳಿ ಹತ್ತಿರ, ನನಗೆ ಕೆಲಸ ಕಲಿಸುತ್ತಿದ್ದ ಹಿರಿಯರೊಬ್ಬರು ಕರೆಂಟ್ ಇಲ್ಲವೆಂದು ಎಲ್ಲರೂ ನಂಬಿದ್ದ ತಂತಿ ಮುಟ್ಟಿ ಹೋಗಿಬಿಟ್ಟರು. ಬೆಲ್ಟಿನಲ್ಲಿ ನೇತಾಡುತ್ತಿದ್ದ ಅವರನ್ನು ಇಳಿಸಿಕೊಂಡವರಲ್ಲಿ ನಾನೂ ಒಬ್ಬ. ಆಮೇಲೂ ನಾನು ಕಂಬ ಹತ್ತಿದೆ. ಹತ್ತುವಾಗ ಅಷ್ಟು ಭಯವಾಗುತ್ತಿರಲಿಲ್ಲ. ಕಣ್ಣು ನನ್ನದು, ಕೈ ನನ್ನದು. ಬೇರೆಯವರು ಹತ್ತಿದಾಗ ಮಾತ್ರ ಬಾಯಿ ಒಣಗುತ್ತಿತ್ತು.

ಜಾವಗಲ್‌ನಲ್ಲಿ ನನ್ನ ಕೈಕೆಳಗೆ ಇಬ್ಬರಿದ್ದರು. ಒಬ್ಬ ಮೂವತ್ತರ ಆಸುಪಾಸಿನವನು, ಮಾತು ಕಡಿಮೆ, ಕಂಬ ಹತ್ತುವುದರಲ್ಲಿ ಗಟ್ಟಿಗ. ಇನ್ನೊಬ್ಬರು ನಿವೃತ್ತಿಗೆ ಹತ್ತಿರವಾದವರು; ನಿಂತಲ್ಲಿ ನಿಲ್ಲದೆ ಹರಟೆಗೆ ಜನ ಹುಡುಕುವವರು. ಮೊದಮೊದಲು ನಾನು ಇಬ್ಬರಿಗೂ ಕೆಲಸ ಬಿಟ್ಟುಕೊಡಲಿಲ್ಲ. ಬೆಲ್ಟು ಕಟ್ಟಿಕೊಂಡು ನಾನೇ ಹತ್ತುತ್ತಿದ್ದೆ. ಅವರು ಕೈಕಟ್ಟಿ ನೋಡುತ್ತಿದ್ದರು.

ಒಂದು ದಿನ ಆ ಗಟ್ಟಿಗ ನೇರವಾಗಿ ಕೇಳಿದ. ‘ಸಾರ್, ನಮ್ ಮ್ಯಾಲೆ ನಂಬ್ಕೆ ಇಲ್ಲ ಅಂದ್ರೆ ಹೇಳ್ಬಿಡಿ. ಬ್ಯಾರೆ ಕಡಿಕ್ ವರ್ಗ ಮಾಡುಸ್ಕಂಡು ಹೋಯ್ತೀನಿ.’

‘ನಂಬಿಕೆ ಐತೆ ಕಣಪ್ಪ, ಧೈರ್ಯ ಇಲ್ಲ’ ಎಂದೆ. ಅವನು ನಗಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ಸಂಜೆ ಎದ್ದ ಗಾಳಿಗೆ ಹಳೇಬೀಡು ರಸ್ತೆಯ ಲೈನಿನ ಮೇಲೆ ಕೊಂಬೆ ಬಿತ್ತು. ಬೆಳಿಗ್ಗೆ ಮೂವರೂ ಹೋದೆವು. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿದೆ. ಹತ್ತಲು ನಾನು ಬೆಲ್ಟಿಗೆ ಕೈ ಹಾಕುವಷ್ಟರಲ್ಲಿ ಗಟ್ಟಿಗ ಆಗಲೇ ಅದನ್ನು ಕಟ್ಟಿಕೊಂಡಿದ್ದ. ನಾನು ಪಕ್ಕಕ್ಕೆ ಸರಿದೆ.

ತಂತಿ ಇನ್ನೂ ದೂರವಿರುವಾಗಲೇ ನಿಂತು ಅವನು ಕರೆಂಟ್ ಇದೆಯೇ ಎಂದು ತಿಳಿಸುವ ಕೋಲನ್ನು ಮೇಲಕ್ಕೆ ಚಾಚಿದ. ಕೋಲು ಕೀಂಯ್ ಎಂದು ಕೂಗಿಕೊಂಡಿತು.

‘ಸಾರ್, ಲೈನ್ ಜೀವಂತ ಐತೆ!’

‘ಇಳಿ, ಇಳಿಯೋ ಮಾರಾಯ!’ ಎಂದು ಕಿರುಚಿದೆ. ಅವನು ಇಳಿದ. ಸಬ್‌ಸ್ಟೇಷನ್ನಿನವರು ‘ನಮ್ ಕಡೆ ಆಫ್ ಆಗಿದೆ ಸಾರ್’ ಎಂದರು. ಹಾಗಾದರೆ ಕರೆಂಟ್ ಬರುತ್ತಿರುವುದು ಎಲ್ಲಿಂದ? ಊರಂಚಿನ ಕಲ್ಯಾಣಮಂಟಪದ ಕಡೆಯಿಂದ ವಾಲಗ ಕೇಳುತ್ತಿತ್ತು. ಅಲ್ಲಿಗೆ ಓಡಿದೆವು. ಮದುವೆಗೆಂದು ಜನರೇಟರ್ ಹಚ್ಚಿದ್ದರು. ಮಂಟಪದ ವೈರಿಂಗನ್ನು ಲೈನಿನಿಂದ ಬಿಡಿಸದೆಯೇ ಜನರೇಟರನ್ನು ಅದಕ್ಕೆ ಜೋಡಿಸಿದ್ದರಿಂದ ಅದರ ಕರೆಂಟು ಟ್ರಾನ್ಸ್‌ಫಾರ್ಮರ್ ಮೂಲಕ ಹಿಮ್ಮುಖವಾಗಿ ಲೈನಿಗೆ ಏರಿತ್ತು. ಜನರೇಟರ್ ನಿಲ್ಲಿಸಿ ಕೀ ಕಿತ್ತುಕೊಂಡೆ.

ಈಗ ಒಬ್ಬರು ಇಲ್ಲಿ ಕಾಯಬೇಕು. ನಾನೇ ನಿಂತರೆ ಕಂಬ ಕಾಣುವುದಿಲ್ಲ; ಕಂಬದ ಬಳಿ ಹೋದರೆ ಇಲ್ಲಿ ಯಾರಾದರೂ ಬೇರೆ ಕೀ ತಂದು ಹಚ್ಚಿಬಿಟ್ಟರೆ? ಉಳಿದವರು ಆ ಹರಟೆಯ ಹಿರಿಯರು. ಕೀಯನ್ನು ಅವರ ಕೈಗೆ ಕೊಡುವಾಗ ನನ್ನ ಬೆರಳು ಬಿಡಲೇ ಇಲ್ಲ.

‘ಎಲ್ಲೂ ಹೋಗ್ಬೇಡಿ. ಟೀಗೂ ಹೋಗ್ಬೇಡಿ.’

‘ನಂಗೂ ಗೊತ್ತಾಯ್ತದೆ ಬಿಡಿ ಸಾರ್. ಮ್ಯಾಲೆ ಇರೋನು ನಂಗೂ ಬೇಕಾದೋನೇ’ ಎಂದರು. ದನಿಯಲ್ಲಿ ನೋವಿತ್ತು.

ಕಂಬದ ಬಳಿಗೆ ಮರಳಿ ಗಟ್ಟಿಗನಿಗೆ ‘ಹತ್ತಪ್ಪ’ ಎಂದದ್ದು ನಾನು ಜೀವಮಾನದಲ್ಲಿ ಆಡಿದ ಅತ್ಯಂತ ಕಷ್ಟದ ಮಾತು. ಅವನು ಹತ್ತಿದ, ಕೋಲು ಚಾಚಿದ. ಈ ಸಲ ಸದ್ದಿಲ್ಲ. ಕರೆಂಟ್ ಬಂದರೂ ಮಣ್ಣಿಗಿಳಿಯಲೆಂದು ತಂತಿಗಳನ್ನು ಸರಪಳಿಯಿಂದ ನೆಲಕ್ಕೆ ಜೋಡಿಸಿ, ಕೊಂಬೆ ಕಡಿಯತೊಡಗಿದ. ನಾನು ತಲೆಯೆತ್ತಿ ನಿಂತೇ ಇದ್ದೆ. ಮಂಟಪದಲ್ಲಿ ಬೀಗರು ಬೈಯುತ್ತಿರಬಹುದು, ಅಡುಗೆಯವರು ಗಲಾಟೆ ಮಾಡುತ್ತಿರಬಹುದು, ಹಿರಿಯರು ಯಾರೊಂದಿಗೋ ಮಾತಿಗೆ ಕೂತಿರಬಹುದು. ಆಗಲೇ ಮಂಟಪದ ಕಡೆಯಿಂದ ಇಂಜಿನ್ ಗುಡುಗಿತು.

‘ಇಳಿ! ಹಚ್ಚಿಬಿಟ್ರು, ಇಳಿಯೋ!’ ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅವನು ತಿರುಗಿ ನೋಡಿದ. ‘ಸಾರ್, ಅದು ಟ್ರ್ಯಾಕ್ಟರು. ಅರ್ಥಿಂಗ್ ಹಾಕಿವ್ನಿ, ಗಾಬರಿ ಆಗ್ಬ್ಯಾಡಿ. ಸ್ವಲ್ಪ ಕೂತ್ಕಳಿ.’

ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು ನಮ್ಮ ಮುಂದೆಯೇ ಹಾದುಹೋಯಿತು. ನಾನು ಬದುವಿನ ಮೇಲೆ ಕೂತೆ. ಅವನು ಕೆಲಸ ಮುಗಿಸಿ ಇಳಿದು, ಏನೂ ಆಗಿಲ್ಲವೆಂಬಂತೆ ಸರಪಳಿ ಸುತ್ತಿದ.

ಮಂಟಪಕ್ಕೆ ಹೋದಾಗ ಹಿರಿಯರು ಜನರೇಟರಿಗೆ ಒರಗಿ ನಿಂತಿದ್ದರು. ಅಂಗಿಯ ಗುಂಡಿ ಕಿತ್ತುಹೋಗಿತ್ತು. ಗಂಡಿನ ಕಡೆಯವರು ಕೀಗಾಗಿ ಜೇಬಿಗೆ ಕೈ ಹಾಕಿದ್ದರಂತೆ. ‘ಕಂಬದ ಮ್ಯಾಲೆ ನನ್ ಮಗ ಅವ್ನೆ, ಹಚ್ತೀರಾ? ಅಂದೆ. ತೆಪ್ಪಗಾದ್ರು’ ಎಂದರು. ಅವರಿಗೆ ಇರುವುದು ಹೆಣ್ಣುಮಕ್ಕಳು ಮಾತ್ರ. ಕ್ಷಮೆ ಕೇಳಬೇಕೆನಿಸಿತು. ಮೂವರೂ ಅಲ್ಲೇ ಪಂಕ್ತಿಯಲ್ಲಿ ಕೂತು ಉಂಡೆವು.

ಭಯ ಹೋಗಿಲ್ಲ. ಕಳೆದ ವಾರ ಅರಸೀಕೆರೆಯಲ್ಲಿ ಮೀಟಿಂಗ್ ಇತ್ತು. ಅದೇ ಹೊತ್ತಿಗೆ ಹಳೇಬೀಡು ರಸ್ತೆಯಲ್ಲಿ ಅವರಿಬ್ಬರೇ ಲೈನಿನ ಮೇಲೆ ಕೆಲಸಕ್ಕಿದ್ದರು. ಸಾಹೇಬರು ಏನು ಹೇಳಿದರೋ ಒಂದೂ ಕಿವಿಗೆ ಬೀಳಲಿಲ್ಲ. ಫೋನ್ ಮಾಡಬೇಕೆಂದು ಕೈ ತುಡಿಯುತ್ತಿತ್ತು. ಆದರೆ ಕಂಬದ ಮೇಲಿರುವವನ ಜೇಬಿನಲ್ಲಿ ಫೋನ್ ಹೊಡೆದುಕೊಂಡರೆ ಅವನ ಗಮನ ತಪ್ಪುತ್ತದೆ. ಮಾಡಲಿಲ್ಲ. ಮಧ್ಯಾಹ್ನ ಹಿರಿಯರೇ ಫೋನ್ ಮಾಡಿದರು. ‘ಆಯ್ತು ಸಾರ್, ಲೈನಿಗೆ ಕರೆಂಟ್ ಬಿಡ್ಸವಾ?’

‘ಇಬ್ಬರೂ ಕೆಳಗಿದ್ದೀರಾ?’ ಎಂದು ಕೇಳಿದೆ.