ಅವ್ವ ಹೇಳಿದಷ್ಟನ್ನೇ ಬರೆದವರು

ಅವರ ಕತ್ತಿನ ಹಿಂಭಾಗ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಮುಖ ಮಾತ್ರ ತಿಳಿಬಣ್ಣದಲ್ಲೇ ಉಳಿದಿತ್ತು. ತಲೆ ಎತ್ತಿ ಕೂತವರೇ ಅಲ್ಲ. ಕೂಡ್ಲಿಗಿಯಲ್ಲಿ ಕಚೇರಿಯೊಂದರ ಎದುರು ಅರ್ಜಿ ಬರೆದುಕೊಡುತ್ತಿದ್ದ ಸದರಿಯವರ ಬಗ್ಗೆ ನನಗೆ ತಿಳಿದಷ್ಟನ್ನು ಈ ಮೂಲಕ ನಿವೇದಿಸಿಕೊಳ್ಳುತ್ತೇನೆ. ಇದು ನನ್ನ ಮೊದಲ ಬರಹವಾದ್ದರಿಂದ ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ಉಳಿದ ಅರ್ಜಿ ಬರಹಗಾರರು ಚಹಾದಂಗಡಿಯಲ್ಲಿ ಹರಟುವಾಗ ಅವರು ಗ್ಲಾಸು ಹಿಡಿದು ದೂರ ನಿಲ್ಲುತ್ತಿದ್ದರು. ಜನರ ಕಷ್ಟವನ್ನು ಅವರು ಅರಿತದ್ದು ಕೇಳಿಸಿಕೊಂಡೇ. ಹೆಬ್ಬೆಟ್ಟು ಯಾರದೋ ಅವರೇ ಹೇಳಬೇಕು, ಜೊತೆಗೆ ಬಂದವರ ಮಾತು ಕಾಗದಕ್ಕಿಳಿಯಬಾರದು ಎಂಬುದು ಅವರ ಪದ್ಧತಿ. ಗಿರಾಕಿಗಳು ಕಡಿಮೆಯಿದ್ದರು.

ನನ್ನ ಅಕ್ಕ ಹರಪನಹಳ್ಳಿ ಕಡೆಯ ಗಂಡನ ಮನೆಯಲ್ಲಿ ಸುಟ್ಟ ಗಾಯಗಳಿಂದ ಮೃತಪಟ್ಟಳು. ಪೊಲೀಸರಿಗೆ ಕೊಡುವ ಕಾಗದದಲ್ಲಿ ಸ್ಟವ್ ಸಿಡಿದ ಆಕಸ್ಮಿಕವೆಂದು ಬರೆಸಿದರೆ ಮಾತ್ರ ಅವಳ ಮೂರು ವರ್ಷದ ಮಗಳನ್ನು ನಮಗೆ ಕೊಡುವುದಾಗಿ ಆ ಮನೆಯವರು ಷರತ್ತು ಹಾಕಿದರು. ಸೋದರಮಾವ ಒಪ್ಪಿಕೊಂಡು, ಅವ್ವನನ್ನು ಈ ಅರ್ಜಿ ಬರೆಯುವವರೆದುರು ಕೂರಿಸಿ, ತಾನೇ ಹೇಳತೊಡಗಿದ; ನಾನೂ ಪಕ್ಕದಲ್ಲೇ ನಿಂತಿದ್ದೆ. ಇವರು ಪೆನ್ನಿಗೆ ಮುಚ್ಚಳ ಹಾಕಿದರು.

"ಯಾಕ್ರಿ, ಬರಿಯೋ ಕೆಲಸ ಬಿಟ್ಟು ನ್ಯಾಯ ಹೇಳಾಕ ಕುಂತೀರೇನು?" ಎಂದು ಮಾವ ಕೆಣಕಿದ.

ಅವರು ನೆಲ ನೋಡುತ್ತಲೇ ಹೇಳಿದರು: "ಬೆಟ್ಟು ಒತ್ತಾಕಿ ಈ ಯವ್ವ. ಆಕಿ ಇನ್ನಾ ಏನೂ ಹೇಳಿಲ್ರಿ."

ಪೆನ್ನಿನ ಮುಚ್ಚಳ ತೆಗೆಯದೆ ಅವ್ವನ ಮಾತಿಗೆ ಕಾದು ಕೂತರು. ಆಮೇಲೆ ಅವ್ವ, "ಆ ಮನ್ಯಾಗ ಸ್ಟವ್ವೇ ಇಲ್ರಿ. ಗ್ಯಾಸ್ ಐತಿ," ಎಂದಳು.

ಅಷ್ಟನ್ನೇ ಬರೆದು, ಓದಿ ಹೇಳಿ, ಬರೆದವರೆಂದು ಕೆಳಗೆ ತಮ್ಮ ರುಜು ಹಾಕಿದರು.

ಮರುವಾರ ಅವರ ಮೇಜನ್ನು ಯಾರೋ ಮುರಿದು ಹಾಕಿದ್ದರು. ದೂರು ಕೊಡಿರೆಂದು ನಾನು ಒತ್ತಾಯಿಸಿದೆ. "ಮುರಿದೋರನ್ನ ನಾ ನೋಡಿಲ್ಲ. ಹೆಂಗ ಬರೀಲಿ?" ಎಂದರು. ಪಿಯುಸಿ ಮುಗಿಸಿದ್ದ ನಾನು ಅಂದಿನಿಂದ ಅವರ ಪಕ್ಕ ಕೂತು ಈ ಕೆಲಸ ಕಲಿತೆ. ಅವರು ವಿವರಿಸುತ್ತಿರಲಿಲ್ಲ. ಹೇಳಿದವರದ್ದಲ್ಲದೆ ನನ್ನದೇ ಪದ ನುಸುಳಿದ್ದರೆ ಅದರ ಕೆಳಗೊಂದು ಚುಕ್ಕೆ ಇಟ್ಟು ಕಾಗದ ಹಿಂದಿರುಗಿಸುತ್ತಿದ್ದರು.

ಸಾಕ್ಷಿ ನುಡಿಯಲು ಸಮನ್ಸ್ ಬರುವ ಮೊದಲೇ ಅವರು ತೀರಿಕೊಂಡರು. ಎದೆನೋವಿದ್ದುದನ್ನು ಯಾರಿಗೂ ಹೇಳಿರಲಿಲ್ಲ. ಮರಣದ ವಿಷಯವನ್ನು ನ್ಯಾಯಾಲಯಕ್ಕೆ ತಿಳಿಸುವ ಅರ್ಜಿಯನ್ನು ನಾನೇ ಬರೆಯಬೇಕಾಯಿತು.

ಪ್ರಕರಣ ಇನ್ನೂ ಇತ್ಯರ್ಥವಾಗಿಲ್ಲ. ಅಕ್ಕನ ಮಗಳನ್ನು ಇಂದಿನವರೆಗೂ ನಮಗೆ ತೋರಿಸಿಲ್ಲ. ಶಾಲೆಗೆ ಹೋಗುತ್ತಾಳೆಂದು ಕೇಳಿದ್ದೇವೆ. ಹಾಗೆ ಬರೆಸಬಾರದಿತ್ತೇನೋ ಎಂದು ನಾನೊಮ್ಮೆ ಅಂದುಬಿಟ್ಟೆ. ಅವ್ವ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು.

"ನಾ ಏನಂತೀನಿ ಅಂತ ಅವತ್ತು ಕಾದು ಕುಂತಿದ್ದು ಆ ಬರಿಯೋರೊಬ್ಬರೇ. ನೀನೂ ಕೇಳಲಿಲ್ಲ."